ಕೆಂಪು ಅಕ್ಷರದ ಅನುಮಾನ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. 1996ರಲ್ಲಿ ಲಿಂಗಸುಗೂರಿನ ಕರಿಬಸಯ್ಯನವರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಕನಕರಾಯನನ್ನು ನಂಬಲು ಮನಸ್ಸಿತ್ತು, ಧೈರ್ಯವಿರಲಿಲ್ಲ.

ಸಿಂಧನೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದ ಅವನು ಪ್ರತಿ ಶನಿವಾರ ಮಸ್ಕಿ ಮಾರ್ಗದ ಬಸ್ಸಿಗೆ ನಮ್ಮ ಪ್ರೆಸ್ಸಿಗೆ ಬರುತ್ತಿದ್ದ. ಇಂಗ್ಲಿಷ್ ಕೀ ಒತ್ತಿದರೆ ಕನ್ನಡ ಅಕ್ಷರ ಬೀಳುವ ಪ್ರೋಗ್ರಾಮ್ ಬರೆದುಕೊಟ್ಟಿದ್ದ. ಮೊದಲ ಅಕ್ಷರ ಮೂಡಿದಾಗ ಪರದೆ ಬಿಟ್ಟು ನನ್ನ ಮುಖ ನೋಡಿದ್ದ. ನಾನೂ ನೋಡಿದ್ದೆ, ಸುಳ್ಳೇಕೆ.

ಒಂದು ಶನಿವಾರ ಹೊಸ ಆಂಟಿವೈರಸ್ ಹಾಕಿದೆವು. ಅವನ ಪ್ರೋಗ್ರಾಮಿನ ಹೆಸರು ಕೆಂಪಗೆ ಬಂತು: ವೈರಸ್ ಶಂಕೆ.

ಕಂಪ್ಯೂಟರ್ ಕೆಟ್ಟರೆ ರಿಪೇರಿಗೆ ಇವನನ್ನೇ ಕರೆಯಬೇಕು. ಅದಕ್ಕೆಂದೇ ಏನಾದರೂ ಸೇರಿಸಿದನೇ? ಆ ಪ್ರೋಗ್ರಾಮ್ ಇದ್ದ ಅವನ ಫ್ಲಾಪಿ ಡಿಸ್ಕ್ ಒಯ್ದು ಕಂಪ್ಯೂಟರ್ ಕೋಣೆಯ ಬಾಗಿಲಾಚೆ ಅವನ ಚಪ್ಪಲಿ ಪಕ್ಕ ಇಟ್ಟೆ.

"ಇದೇನ್ರಿ ಮೇಡಂ?"

"ಚಪ್ಪಲಿ ಒಳಗ ತರಬಾರ್ದು ಅಂದಮ್ಯಾಲ ಇದನ್ನೂ ತರಬಾರ್ದು."

"ಅದು ನೀವು ಒತ್ತಿದ ಕೀನ ನಡುವ ಹಿಡಿದು ಅಕ್ಷರ ಬದಲಸ್ತೈತ್ರಿ. ವೈರಸ್ಸೂ ಹಂಗ ಕೀ ಹಿಡೀತಾವು. ಅದಕ್ಕ ಆಂಟಿವೈರಸ್ಸಿಗೆ ಡೌಟ್ ಬಂದೈತಿ."

"ನನಗೂ ಬಂದೈತಿ."

ಕರಿಬಸಯ್ಯನವರಿಗೂ ಕೇಳಿಸಿತು. "ಸಂಜೀ ಒಳಗ ವೈರಸ್ ಅಲ್ಲಂತ ತೋರಸ್ಲಿ. ಇಲ್ಲಂದ್ರ ಈ ಹುಡುಗ ಇನ್ನ ಇಲ್ಲಿ ಕಾಲಿಡಂಗಿಲ್ಲ."

"ನನ್ನ ಮುಂದ ಹೊಸದಾಗಿ ಬರೀರಿ," ಎಂದೆ.

ಒಂದೊಂದು ಸಾಲನ್ನೂ ವಿವರಿಸುತ್ತಾ ಬರೆದ. ನಾನು ಪೊಲೀಸರ ಹಾಗೆ ಪಕ್ಕದಲ್ಲೇ ಕುಳಿತು ಪ್ರಶ್ನೆ ಕೇಳಿದೆ. ಅವನ ಬೆರಳುಗಳಿಂದ ಕಣ್ಣು ಕೀಳಲಿಲ್ಲ. ಅನುಮಾನಕ್ಕೆ ನೋಡುತ್ತಿದ್ದೇನೆ ಎಂದುಕೊಂಡೆ.

ಬರೆದು ಮುಗಿಸಿ ಪರೀಕ್ಷಿಸಿದರೆ ಮತ್ತೆ ಕೆಂಪು.

ಅವನ ಮುಖ ಬಾಡಿತು. ನನಗೆ ಮಾತ್ರ ಮನಸ್ಸು ಹಗುರವಾಯಿತು. ಒಂದು ಸಾಲನ್ನೂ ಬಿಡದೆ ನೋಡಿದ್ದೆನಲ್ಲ, ಅದರಲ್ಲಿ ಮೋಸ ಇರಲಿಲ್ಲ. ತಪ್ಪು ಆಂಟಿವೈರಸ್ಸಿನದೇ.

"ಅಯ್ಯಾರ, ಇದರಾಗ ಏನೂ ಇಲ್ರಿ. ಮಷಿನ್ ಕೆಟ್ರ ನನ್ನ ಕೆಲ್ಸದಿಂದ ತಗೀರಿ."

ಕರಿಬಸಯ್ಯನವರು ನನ್ನನ್ನೇ ನೋಡಿದರು. "ಪಕೀರಮ್ಮ, ನಿನ್ನ ನೆರಳನ್ನೂ ನಂಬದಾಕಿ ನೀ. ನೀನ ಅಂದಮ್ಯಾಲ ಆತು ಬಿಡು."

ಬಸ್ಸಿನ ಹೊತ್ತಾಗಿತ್ತು. ಕನಕರಾಯ ಚಪ್ಪಲಿ ಮೆಟ್ಟುತ್ತಾ, "ಕೆಲ್ಸ ಮುಗೀತ್ರಿ. ಇನ್ನ ನಾ ಬರೂದು ಬೇಕಾಗಂಗಿಲ್ಲ," ಎಂದ.

"ಪ್ರೋಗ್ರಾಮ್ ಮುಗಿದು ತಿಂಗ್ಳಾತು. ಹ್ವಾದ ಮೂರು ಶನಿವಾರ ಯಾವ ಕೆಲ್ಸಕ್ಕ ಬಂದ್ರಿ?"

ಅವನು ತಲೆ ತಗ್ಗಿಸಿದ. "ನಿಮ್ಮನ್ನ ನೋಡಾಕ."

"ಆ ಕೆಲ್ಸ ಮುಗೀತೇನ್ರಿ?"

"ಇಲ್ರಿ."

"ಹಂಗಾರ ಬರ್ರಿ."