ಹಿರಿಯರಿಲ್ಲದ ಮನೆಯ ಗಂಡು

ಅಮರ ಬೀಸಿದ ಸ್ಟೀಲ್ ಜಗ್ಗು ವಿನೀತನ ಹುಬ್ಬಿಗೆ ಬಡಿದಾಗ, ಬಿಬವೇವಾಡಿಯ ಆ ಖಾನಾವಳಿಯಲ್ಲಿ ಊಟಕ್ಕೆ ಕುಳಿತವರೆಲ್ಲ ತಟ್ಟೆ ಬಿಟ್ಟು ಎದ್ದರು. ರೊಟ್ಟಿ ಬಡಿಯುತ್ತಿದ್ದ ಅಮರನ ತಂಗಿ ಇಂದೂಳ ಕೈ ಹಿಟ್ಟಿನ ಮೇಲೆಯೇ ನಿಂತಿತು.

"ನಿಶ್ಚಯದಾಗ ನಾ ನಿನ್ನ ತಲಿಗೆ ಸುತ್ತಿದ ಪಟಕಾ ಹೊಳ್ಳಿ ಕೊಡಾಕ ನೀನ ಬಂದೀಯೇನಲೇ? ಸಂಬಂಧ ಮುರಿಯೂದಿದ್ರ ಹಿರ್ಯಾರ್ನ ಕಳಸಬೇಕು! ನನ್ನ ತಂಗೀನ ಏನಂತ ತಿಳದೀ?"

ಅಮರನ ಎರಡನೆಯ ಏಟಿಗೆ ವಿನೀತ ಬೆಂಚಿನ ಮೇಲೆ ಬಿದ್ದ. ಭೋಸರಿಯ ಕಾರ್ಖಾನೆಯಲ್ಲಿ ಕಬ್ಬಿಣ ಎತ್ತುವ ತೋಳು ಅವನದು. ಆದರೂ ಕೈ ಎತ್ತಲಿಲ್ಲ.

ಇಂದೂಗೆ ಅದೇ ಸಿಟ್ಟು ತರಿಸಿತು. ಸುಮ್ಮನೆ ಹೊಡೆಸಿಕೊಳ್ಳುತ್ತಾನೆಂದರೆ ತಪ್ಪು ಮಾಡಿದ್ದಾನೆ, ಬೇರೆ ಹುಡುಗಿ ಇರಬೇಕು ಅನ್ನಿಸಿತು. ಇವನೇ ತಾನೆ, ಊಟಕ್ಕೆ ಬಂದಾಗೆಲ್ಲ "ಇನ್ನೊಂದು ರೊಟ್ಟಿ" ಎಂದು ಕೇಳಿ, ರೊಟ್ಟಿ ಬಿಟ್ಟು ಅವಳ ಬಳೆಗಳನ್ನು ನೋಡುತ್ತಿದ್ದವನು? "ಹೊಟ್ಟಿ ತುಂಬಿಲ್ಲೇನ್ರಿ?" ಅಂದರೆ, "ಹೊಟ್ಟಿ ತುಂಬೇತಿ, ಕಣ್ಣು ತುಂಬಿಲ್ಲ" ಅನ್ನುತ್ತಿದ್ದವನು?

ಆಮೇಲೆ ಅವಳು ರಕ್ತ ನೋಡಿದಳು. ಅದು ಕೆನ್ನೆ, ಕತ್ತು ದಾಟಿ ಅಂಗಿಯನ್ನು ತೋಯಿಸುತ್ತಿತ್ತು. ಮುಷ್ಟಿ ಅರಿಶಿನ ತಂದು ಒತ್ತಿದಳು. ಅರಿಶಿನವೂ ತೊಳೆದುಹೋಯಿತು.

"ಗುಳಗಿ ತಗೋತೇನಿ, ಇಂದೂ. ರಕ್ತ ತೆಳು ಮಾಡೂವು. ಲಗೂ ದವಾಖಾನಿಗೆ..." ವಿನೀತನ ತುಟಿ ಬಿಳಿಚಿತ್ತು.

ಮತ್ತೆ ಮುಂದೆ ಬಂದ ಅಮರನ ಮುಂಗೈಗೆ ಇಂದೂ ರೊಟ್ಟಿ ಮಗುಚುವ ಬಿಸಿ ಕಬ್ಬಿಣದ ಸಟ್ಟುಗದಿಂದಲೇ ಬಾರಿಸಿದಳು. ಅವನು ಕಿರುಚಿದ. ಅವಳು ವಿನೀತ ತಂದಿದ್ದ ಆ ಪಟಕಾವನ್ನೇ ಗಾಯಕ್ಕೆ ಅದುಮಿ ಹಿಡಿದು ಅವನನ್ನು ಬೀದಿಗೆ ನಡೆಸಿದಳು. "ಅರೇ ಥಾಂಬ್, ಥಾಂಬ್!" ಅವಳ ಮರಾಠಿ ಕೂಗಿಗೆ ರಿಕ್ಷಾ ಕರ್ರೆಂದು ನಿಂತಿತು. ಒಳಗೆ ಕುಳಿತ ಕೂಡಲೇ ಕೇಳಿದಳು.

"ಗುಳಗಿ ಯಾಕ? ಯಾವಾಗಿಂದ?"

"ಹೋದ ತಿಂಗಳು ಕಾಲಾಗ ರಕ್ತ ಹೆಪ್ಪುಗಟ್ಟಿತ್ತು. ಜೀನ್ ಟೆಸ್ಟ್ ಮಾಡಿದ್ರು. ರಕ್ತ ಹೆಪ್ಪುಗಟ್ಟಸೂ ಅಂಶದಾಗ ಹುಟ್ಟಿನಿಂದನ ಬಂದ ವ್ಯತ್ಯಾಸ ಅದ ಅಂತ. ಅಪ್ಪ, ಕಾಕಾ, ಪ್ರಲ್ಹಾದಣ್ಣ... ಎಲ್ಲಾರೂ ನಲ್ವತ್ತು ದಾಟೂದ್ರಾಗ ಎದಿ ಹಿಡ್ಕೊಂಡ ಹೋದ್ರು. ಪಟಕಾ ತಗೊಂಡು ಬರಾಕ ನಮ್ಮನ್ಯಾಗ ಹಿರ್ಯಾರು ಯಾರ ಉಳದಾರ, ಹೇಳು?"

ಇಂದೂ ಪಟಕಾವನ್ನು ಇನ್ನಷ್ಟು ಬಿಗಿಯಾಗಿ ಅದುಮಿದಳು. ಸಾವಿಗೆ ಹೆದರಿದವನು ತನಗೆ ತೀರಾ ಬೇಕಾದದ್ದನ್ನೇ ಮೊದಲು ಕೈಬಿಡುತ್ತಾನೆ. ಅದನ್ನು ತ್ಯಾಗವೆಂದು ಕರೆದುಕೊಂಡು ಎದೆಯುಬ್ಬಿಸುತ್ತಾನೆ.

ದವಾಖಾನೆಯಲ್ಲಿ ಹುಬ್ಬಿಗೆ ಹೊಲಿಗೆ ಬಿದ್ದವು. ತಲೆಯೊಳಗೆ ರಕ್ತ ಇಳಿದಿಲ್ಲವೆಂದು ಸ್ಕ್ಯಾನ್ ಹೇಳಿತು. ಡಾಕ್ಟರ್ ನೀಲಿಮಾ ಧಾರವಾಡದ ಕಡೆಯವರು. ಇಂದೂ ಅವರ ದಾರಿಗೆ ಅಡ್ಡ ನಿಂತಳು.

"ಈ ಜೀನಿಂದ ಇವರೂ ಇವರಪ್ಪನಂಗ ಸಾಯ್ತಾರೇನ್ರಿ?"

"ಹಂಗ ಅಂತ ಯಾರು ಹೇಳಿದ್ರು? ಜೀನ್ ಒಂದರಿಂದ ಹಾರ್ಟ್ ಅಟ್ಯಾಕ್ ಆಗೇ ಆಗ್ತದ ಅಂತಿಲ್ಲ. ಅಪಾಯ ಸ್ವಲ್ಪ ಹೆಚ್ಚು, ಅಷ್ಟ. ಅದರ ಮ್ಯಾಲೆ ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಕೂಡಿದ್ರ ಮಾತು ಬ್ಯಾರೆ. ನಿಮ್ಮ ಮಾವನವರು ಬೀಡಿ ಸೇದ್ತಿದ್ರೇನು?"

"ಮನ್ಯಾಗಿನ ಗಂಡಸ್ರು ಎಲ್ಲಾರೂ ಸೇದ್ತಿದ್ರಂತ್ರಿ."

"ಮತ್ತ ಬರೇ ಜೀನಿಗ್ಯಾಕ ಬೈತೀರಿ?"

ಇಂದೂ ಒಳಗೆ ಬಂದಳು. ಕುರ್ಚಿಯ ಮೇಲಿದ್ದ ಅವನ ಅಂಗಿಯ ಜೇಬಿನಿಂದ ಸಿಗರೇಟಿನ ಪ್ಯಾಕ್ ತೆಗೆದು ಅಂಗೈಯಲ್ಲಿ ಹಿಂಡಿದಳು. ಕತ್ತು ಹಿಚುಕಿದ ಹಾಗೆ.

ವಿನೀತ ಒಂದೇ ಕಣ್ಣಿನಿಂದ ನೋಡಿದ. ಇನ್ನೊಂದು ಬಾತು ಮುಚ್ಚಿತ್ತು. "ನಾಳೆ ನಾ ಹೋದ್ರ ನೀ ಒಬ್ಬಾಕಿ..."

"ಹೋದ್ರ ಎದಿ ಬಡಕೊಂಡು ಅಳ್ತೀನಿ. ಈಗ ಬಿಟ್ಟು ಹೋದ್ರೂ ಅಳೂದ. ಯಾವ ಅಳು ಬೇಕಂತ ಆರಿಸಾಕಿ ನಾನು, ನೀ ಅಲ್ಲ." ಸಿಟ್ಟಿನಲ್ಲಿ ಮೊದಲ ಸಲ 'ರೀ' ಬಿಟ್ಟುಹೋಗಿತ್ತು.

"ಮಕ್ಕಳಿಗೂ ಬರಬಹುದು."

"ಟೆಸ್ಟ್ ಅದ. ಗುಳಗಿ ಅದ. ನಿಮ್ಮಪ್ಪಗ ಇವು ಇರಲಿಲ್ಲ."

"ನಿನ್ನ ಬಿಟ್ಟಿರೂ ಶಕ್ತಿ ನನಗಿಲ್ಲ, ಇಂದೂ. ಸುಳ್ಳ ಧೈರ್ಯ ಮಾಡಿದ್ದೆ."

ಇಂದೂ ಗಾಯವಿಲ್ಲದ ಕೆನ್ನೆಗೆ ಒಂದು ಬಿಟ್ಟಳು. ವಾರ್ಡಿನವರು ತಿರುಗಿ ನೋಡುವಷ್ಟು ಸದ್ದಾಯಿತು. ಆ ಕೈಯನ್ನು ಆಮೇಲೆ ಅಲ್ಲಿಂದ ತೆಗೆಯಲಿಲ್ಲ.