ಹುಟ್ಟುವಾಗ ಕಪ್ಪು

2025ರ ಫೆಬ್ರವರಿ 12, ಬುಧವಾರ, ಬೆಳಿಗ್ಗೆ 9.40. ಚಳ್ಳಕೆರೆ ಠಾಣೆಗೆ ಬಂದ ಮಲ್ಲಿಕ್, ಕುರ್ಚಿ ತೋರಿಸಿದರೂ ಕೂರಲಿಲ್ಲ. ಮದುವೆ ಮೆರವಣಿಗೆಗೆ ಕುದುರೆ ಕಳಿಸುವುದು ಅವನ ಕಸುಬು. ಇದ್ದದ್ದು ಒಂದೇ ಕುದುರೆ, ಅದು ಕಳುವಾಗಿತ್ತು. ಸಂಜೆ ಏಳಕ್ಕೆ ಮದುಮಗನೊಬ್ಬ ಅದನ್ನು ಏರಬೇಕಿತ್ತು.

"ಬಣ್ಣ?" ಪಿಎಸ್‌ಐ ಶಾಂತಕುಮಾರಿ ಕೇಳಿದಳು.

"ಬಿಳಿ ಮೇಡಮ್. ಹಾಲಿನಂಗೆ."

"ವಯಸ್ಸು? ಗುರುತು?"

"ಗಂಡು, ಆರು ತುಂಬೈತೆ. ಎಡಗಿವಿ ತುದಿ ಹರಿದೈತೆ."

ಭಾರತೀಯ ನ್ಯಾಯ ಸಂಹಿತೆ ಕಲಂ 303(2)ರ ಕೆಳಗೆ ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಶಾಂತಕುಮಾರಿ ಕಾನ್‌ಸ್ಟೆಬಲ್ ದುರುಗೇಶ್‌ನೊಂದಿಗೆ ಮಲ್ಲಿಕ್‌ನ ಹಿತ್ತಲಿನಲ್ಲಿದ್ದಳು. ಗೇಟಿಗೆ ಆಗಲೇ ಹೊಸ ಬೀಗ ನೇತಾಡುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಕಟ್ಟಿದ ಹಗ್ಗವನ್ನು ಯಾರೂ ಕೊಯ್ದಿರಲಿಲ್ಲ. ಬಿಚ್ಚಿ, ಸುತ್ತಿ, ಮೊಳೆಗೆ ನೇತುಹಾಕಿದ್ದರು.

"ಐದೂವರೆಗೆ ಹುಲ್ಲು ಹಾಕಿ ಬಂದೆ, ಆರೂವರೆಗೆ ನೋಡಿದ್ರೆ ಇಲ್ಲ," ಎಂದಳು ಮಲ್ಲಿಕ್‌ನ ತಾಯಿ ಸುಲೋಚನಮ್ಮ. "ಗೊತ್ತಿಲ್ಲದೋರು ಬಂದ್ರೆ ಕೆನೆದು ಕೇರಿ ಎಬ್ಬಿಸ್ತಿತ್ತು. ಇವತ್ತು ಉಸಿರೇ ಎತ್ತಲಿಲ್ಲ."

ಅಂದರೆ ಕಳ್ಳ ಕುದುರೆಗೆ ಪರಿಚಯದವನು. ಕಾಗದಪತ್ರ ತರಿಸಿದಾಗ ಇನ್ನೊಂದು ತೊಡಕು ಎದ್ದಿತು. ವಿಮೆ ಪತ್ರದಲ್ಲಿ ಬಣ್ಣ ಬಿಳಿ. 2020ರಲ್ಲಿ ಪಶು ಆಸ್ಪತ್ರೆ ಕೊಟ್ಟ ಲಸಿಕೆ ಕಾರ್ಡಿನಲ್ಲಿ ಕಪ್ಪು. ಗಂಡು, ಎಡಗಿವಿ ಹರಿದಿದೆ, ಎಲ್ಲ ಸರಿ. ಬಣ್ಣ ಮಾತ್ರ ಅಮಾವಾಸ್ಯೆಗೂ ಹುಣ್ಣಿಮೆಗೂ ಇರುವಷ್ಟು ದೂರ.

"ಎಷ್ಟು ಕುದುರೆ ಸಾಕಿದ್ದೀಯ?"

"ಒಂದೇ ಮೇಡಮ್. ತಂದಾಗ ಕರ್ರಗಿತ್ತು. ಬರ್ತಾ ಬರ್ತಾ ಬೆಳ್ಳಗಾಯ್ತು."

"ನಮ್ಮನೆ ಎಮ್ಮೆನೂ ಹಂಗೇ ಮೇಡಮ್," ಎಂದ ದುರುಗೇಶ್. "ಮುಂದಿನ ವರ್ಷಕ್ಕೆ ಹಸು ಆಗ್ತೈತೆ."

ಮಲ್ಲಿಕ್ ಬೆವರಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ ಕಂಡ. ಕುದುರೆಯನ್ನು ತಾನೇ ಸಾಗಿಸಿ ವಿಮೆ ಕೇಳಲು ದೂರು ಕೊಟ್ಟಿದ್ದಾನೆ ಎಂದು ಶಾಂತಕುಮಾರಿಗೆ ಮುಕ್ಕಾಲು ಪಾಲು ಖಾತ್ರಿಯಾಯಿತು. ಉಳಿದ ಕಾಲು ಪಾಲಿಗಾಗಿ, ಮಧ್ಯಾಹ್ನ ಒಂದಕ್ಕೆ ಅವನನ್ನೂ ಕರೆದುಕೊಂಡು ಪಶುವೈದ್ಯೆ ಶೈಲಜಾಳ ಬಳಿ ಹೋದಳು.

ಶೈಲಜಾ ಮಲ್ಲಿಕ್‌ನ ಮೊಬೈಲಿನಲ್ಲಿದ್ದ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು.

"ಅವನು ಹೇಳಿದ್ದು ನಿಜ. ಇದು ಹುಟ್ಟಾ ಬಿಳಿ ಅಲ್ಲ. ಹುಟ್ಟಾ ಬಿಳಿಯಾಗಿದ್ರೆ ಮೂತಿ, ಕಣ್ಣಿನ ಸುತ್ತ ಚರ್ಮ ಗುಲಾಬಿ ಇರ್ತದೆ. ಇಲ್ಲಿ ನೋಡಿ, ಇದ್ದಿಲಿನ ಬಣ್ಣ. ಇಂಥವು ಮರಿಯಾಗಿದ್ದಾಗ ಕಪ್ಪೋ ಕಂದೋ ಇರ್ತವೆ. ಆಮೇಲೆ ಬೂದಿ, ಚುಕ್ಕೆ ಚುಕ್ಕೆ, ಕೊನೆಗೆ ಬಿಳಿ. ಕೂದಲು ನರೀತದೆ, ಚರ್ಮ ಬದಲಾಗಲ್ಲ."

"ಮರಿ ಇದ್ದಾಗಲೇ ಗೊತ್ತಾಗುತ್ತಾ?"

"ಬಲ್ಲವರಿಗೆ ಗೊತ್ತಾಗುತ್ತೆ. ಮೊದಲು ಕಣ್ಣಿನ ಸುತ್ತ ಬಿಳಿ ಕೂದಲು ಬರ್ತಾವೆ."

ಶಾಂತಕುಮಾರಿ ಮಲ್ಲಿಕ್‌ನತ್ತ ತಿರುಗಿದಳು. "ಇದನ್ನು ಯಾರು ಮಾರಿದ್ದು?"

"ಕೊಂಡ್ಲಹಳ್ಳಿ ಪೆದ್ದಣ್ಣ. ಬೆಳ್ಳಗಾಗ್ತದೆ ಅಂತ ಅವನೇ ಹೇಳಿದ್ದ, ನಾನು ನಂಬಿರಲಿಲ್ಲ." ಮಲ್ಲಿಕ್ ತಲೆ ಕೆರೆದುಕೊಂಡ. "ಈ ವರ್ಷ ಮೂರು ಸಲ ಬಂದಿದ್ದ ಮೇಡಮ್. ಒಂದು ದಿನದ ಮಟ್ಟಿಗೆ ಕುದುರೆ ಕೊಡು, ಊರಿಗೆ ತೋರಿಸಿ ತರ್ತೀನಿ ಅಂತ. ತಲೆ ಕೆಟ್ಟಿರಬೇಕು ಅಂತ ಬೈದು ಕಳಿಸಿದೆ."

"ಇದನ್ನ ಬೆಳಿಗ್ಗೆ ಹೇಳೋಕೆ ಏನಾಗಿತ್ತು?"



ಬಳ್ಳಾರಿ ರಸ್ತೆಯ ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ 6.10ಕ್ಕೆ ಒಬ್ಬಾತ ಬಿಳಿ ಕುದುರೆಯನ್ನು ಹಿಡಿದು ಉತ್ತರಕ್ಕೆ ಹೋಗುವುದು ಕಂಡಿತು. ಅವನು ಕುದುರೆ ಹತ್ತಿರಲಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ.

ಮೊಳಕಾಲ್ಮೂರು ಠಾಣೆಗೆ ಮಾಹಿತಿ ಕೊಟ್ಟು, ಮರುದಿನ ಗುರುವಾರ ಬೆಳಿಗ್ಗೆ 8.30ಕ್ಕೆ ಕೊಂಡ್ಲಹಳ್ಳಿ ತಲುಪಿದರು. ಹುಡುಕುವ ಕೆಲಸವೇ ಇರಲಿಲ್ಲ. ಬೀದಿಗೆ ಕಾಣುವಂತೆ ಮನೆ ಮುಂದಿನ ಬೇವಿನ ಮರಕ್ಕೆ ಕುದುರೆ ಕಟ್ಟಿತ್ತು. ಮೈ ತೊಳೆದು ಒರೆಸಿದ್ದರು. ಐವತ್ತೇಳರ ಪೆದ್ದಣ್ಣ ಜೀಪು ನೋಡಿ ಎದ್ದು ನಿಂತು, ಟವೆಲ್ ಹೆಗಲಿಗೆ ಹಾಕಿಕೊಂಡ. ಅವನ ಮುಖದಲ್ಲಿ ಕಂಡದ್ದು ಸಮಾಧಾನ. ಅದನ್ನು ಕಂಡು ಶಾಂತಕುಮಾರಿಗೆ ಸಿಟ್ಟೇ ಬಂತು.

"ಕುದುರೆ ನೀನೇ ತಂದೆಯಾ?"

"ನಾನೇ ಅಮ್ಮ."

"ಕೇಳಿ ತಂದೆಯಾ?"

"ಕೇಳಿದೆ, ಕೊಡಲಿಲ್ಲ. ಬಿಚ್ಚಿಕೊಂಡು ಬಂದೆ. ಬರ್ರಿ, ಪಂಚನಾಮೆ ಬರೀರಿ."

"ಅವಸರ ಏನು?"

ಉತ್ತರ ಬಾಗಿಲಲ್ಲಿ ನಿಂತಿದ್ದ ಅವನ ಮಗಳು ಮಂಜಮ್ಮನಿಂದ ಬಂತು. ಕುದುರೆ, ದನ ನೋಡಿ ಆರಿಸಿಕೊಡಲು ಒಂದು ಕಾಲಕ್ಕೆ ಸುತ್ತ ಹತ್ತು ಹಳ್ಳಿಯವರು ಅಪ್ಪನನ್ನೇ ಕರೆಯುತ್ತಿದ್ದರಂತೆ. ಊರ ಹಿರಿಯ ಮುದ್ದಪ್ಪ ದೇವರಿಗೆ ಬಿಳಿ ಕುದುರೆ ಬಿಡುವ ಹರಕೆ ಹೊತ್ತಿದ್ದ. ಅಪ್ಪ ಈ ಕಪ್ಪು ಮರಿ ಕೊಟ್ಟು, ಐದಾರು ವರ್ಷಕ್ಕೆ ಬೆಳ್ಳಗಾಗುತ್ತದೆ ಎಂದಿದ್ದ. ಒಂದೇ ವರ್ಷ ಕಾದು, ದೇವರಿಗೇ ಮೋಸ ಮಾಡಿದ ಎಂದು ಮುದ್ದಪ್ಪ ಊರು ಸೇರಿಸಿ ಮರಿ ವಾಪಸು ಮಾಡಿದ. ಪೆದ್ದಣ್ಣನ ಮಾತನ್ನು ಇನ್ನು ಯಾರೂ ಸಾಕ್ಷಿಗೆ ಹಿಡಿಯಬಾರದು ಎಂದು ತೀರ್ಮಾನವಾಯಿತು.

"ಅವತ್ತಿಂದ ಅಪ್ಪನ ಮಾತಿಗೆ ಯಾರೂ ಸೊಪ್ಪು ಹಾಕಲ್ಲ ಮೇಡಮ್. ನನ್ನ ನೋಡೋಕೆ ಬಂದೋರು ಊರಾಗೆ ವಿಚಾರಿಸಿದ್ರೆ, ಸುಳ್ಳ ಪೆದ್ದಣ್ಣನ ಮಗಳು ಅಂತಾರೆ. ಎರಡು ಸಲ ಮಾತು ಮುರೀತು."

"ಫೋಟೋ ತೋರಿಸಬಹುದಿತ್ತಲ್ಲ?"

"ತೋರಿಸ್ದೆ," ಎಂದ ಪೆದ್ದಣ್ಣ. "ಬಿಳಿ ಕುದುರೆ ಊರಿಗೊಂದು ಅವೆ ಅಂದ್ರು. ನಿನ್ನೆ ಇದನ್ನೇ ತಂದು ಕಟ್ಟಿದ್ರೂ ಮುದ್ದಪ್ಪ ಬಾಗಿಲು ತೆಗೀಲಿಲ್ಲ. ನಾನು ಕರೆದ್ರೆ ಬರಲ್ಲಮ್ಮ. ನೀವು ಕರೆದ್ರೆ ಬರ್ತಾನೆ. ಪಂಚನಾಗಿ ಅವನೇ ಸೈನ್ ಹಾಕ್ಲಿ. ಆಮೇಲೆ ಎಲ್ಲಿಗೆ ಕರೆದ್ರೂ ಬರ್ತೀನಿ."

ಜಪ್ತಿಗೆ ಸಾಕ್ಷಿಯಾಗುವ ಪಂಚರನ್ನು ಕಳ್ಳನೇ ಆರಿಸುವುದನ್ನು ಹದಿನಾಲ್ಕು ವರ್ಷದ ನೌಕರಿಯಲ್ಲಿ ಶಾಂತಕುಮಾರಿ ಕಂಡಿರಲಿಲ್ಲ. ಆದರೆ ಊರಿನ ಗೌರವಸ್ಥರು ಯಾರು ಬೇಕಾದರೂ ಪಂಚರಾಗಬಹುದು, ಮುದ್ದಪ್ಪನೂ ಗೌರವಸ್ಥನೇ. ದುರುಗೇಶ್‌ನನ್ನು ಕಳಿಸಿದಳು. ಎರಡನೇ ಪಂಚರಾಗಿ ಎದುರು ಮನೆಯ ಬೋರಕ್ಕ ಬಂದಳು.

9.25ಕ್ಕೆ ಪಂಚನಾಮೆ ಶುರುವಾಯಿತು. ದುರುಗೇಶ್ ಮೊಬೈಲಿನಲ್ಲಿ ಚಿತ್ರೀಕರಿಸತೊಡಗಿದ. ಬೀದಿಯಲ್ಲಿ ಮೂವತ್ತು ನಲವತ್ತು ಜನ ಸೇರಿದರು. ಬಿಳಿ ಪಂಚೆಯ ಮುದ್ದಪ್ಪ ಕುದುರೆಯನ್ನು ನೋಡದೆ ಪೊಲೀಸರನ್ನೇ ನೋಡುತ್ತ ನಿಂತ.

"ಹತ್ತಿರ ಬಂದು ನೋಡಿ ಯಜಮಾನರೇ. ಈ ಪ್ರಾಣಿ ಮೊದಲು ಕಂಡಿದ್ದೀರಾ?"

ಮುದ್ದಪ್ಪ ಬಂದ. ಮೂತಿ ಎತ್ತಿ ಕೆಳಗಿನ ಕಪ್ಪು ಚರ್ಮ ನೋಡಿದ. ಆಮೇಲೆ ಎಡಗಿವಿಯ ಹರಿದ ತುದಿಯನ್ನು ಬೆರಳಲ್ಲಿ ಹಿಡಿದ. ಅದು ಅವನದೇ ತೋಟದ ಮುಳ್ಳುತಂತಿಗೆ ಸಿಕ್ಕಿ ಹರಿದದ್ದು, ಅಂದು ಅರಿಶಿನ ಮೆತ್ತಿದ್ದೂ ಅವನೇ. ಕುದುರೆ ಕಿವಿ ಬಿಡಿಸಿಕೊಳ್ಳಲಿಲ್ಲ.

"ಅದೇ ಗುರ್ರಂ," ಎಂದು ತೆಲುಗಿನಲ್ಲಿ ಗೊಣಗಿದ.

"ಕನ್ನಡದಾಗೆ ಹೇಳ್ರಿ, ರೆಕಾರ್ಡ್ ಆಗ್ತಾ ಐತೆ," ಎಂದ ದುರುಗೇಶ್.

"ಅದೇ ಕುದುರೆ. ನಮ್ಮನೇಲಿದ್ದ ಕರಿ ಮರಿ ಇದೇಯ."

ಜಪ್ತಿ ಪಂಚನಾಮೆಗೆ ಈಗಿನ ಬಣ್ಣ ಸಾಕು, ಹುಟ್ಟಿದಾಗಿನ ಬಣ್ಣ ಬೇಕಿಲ್ಲ. ಶಾಂತಕುಮಾರಿ ಎರಡನ್ನೂ ಬರೆದಳು: 'ಹುಟ್ಟುವಾಗ ಕಪ್ಪು, ಹಾಲಿ ಬಿಳಿ. ಎರಡೂ ಒಂದೇ ಪ್ರಾಣಿ ಎಂದು ಪಂಚರಾದ ಮುದ್ದಪ್ಪನವರು ಎಡಗಿವಿಯ ಗುರುತಿನಿಂದ ದೃಢಪಡಿಸಿರುತ್ತಾರೆ.' ನಿಯಮದಂತೆ ಓದಿ ಹೇಳಿದಳು. ಹಿಂದೆ ನಿಂತವರಿಗೂ ಕೇಳಿಸಲಿ ಎಂದು ಇನ್ನೊಮ್ಮೆ, ಗಟ್ಟಿಯಾಗಿ ಓದಿದಳು. ಮುದ್ದಪ್ಪ ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಬೋರಕ್ಕ ಹೆಬ್ಬೆಟ್ಟು ಒತ್ತಿದಳು.

ಪ್ರೇರಣೆ ಏನು ಎಂದು ಕೇಸ್ ಡೈರಿಯಲ್ಲಿ ಬರೆಯಬೇಕಿತ್ತು. 'ಆರೋಪಿಯು ತನ್ನ ಮಾತು ಸುಳ್ಳಲ್ಲವೆಂದು ಗ್ರಾಮಸ್ಥರಿಗೆ ತೋರಿಸುವ ಉದ್ದೇಶದಿಂದ' ಎಂದು ಬರೆದು, ಬಂಧನದ ಮೆಮೋ ತೆಗೆದಳು. ಗಂಟೆ 10.20 ಆಗಿತ್ತು.

ಆಗ ಬೋರಕ್ಕ ಶಾಯಿಯ ಹೆಬ್ಬೆರಳನ್ನು ಗೋಡೆಗೆ ಒರೆಸುತ್ತ ಹೇಳಿದಳು:

"ಪೆದ್ದಣ್ಣ, ಮೊನ್ನೆ ಒಂದು ಕರ ತಂದೀವಿ. ಮೈಮೇಲಿನ ಕೂದಲ ಸುಳಿ ಸರಿ ಇಲ್ಲ ಅಂತಾವ್ರೆ. ನೀನೊಂದು ಸಲ ನೋಡ್ತೀಯಾ?"

 ಪೆದ್ದಣ್ಣ ಶಾಂತಕುಮಾರಿಯ ಕಡೆ ನೋಡಿದ. ಅವಳು ಪೆನ್ನಿನ ಮುಚ್ಚಳ ಹಾಕಿ, ಮಂಜಮ್ಮನಲ್ಲಿ ಒಂದು ಚೊಂಬು ನೀರು ಕೇಳಿದಳು.

ಬೋರಕ್ಕ ಕರುವನ್ನು ಬೀದಿಗೇ ಹಿಡಿದು ತಂದಳು. ಪೆದ್ದಣ್ಣ ಹಣೆಯಿಂದ ಬೆನ್ನಿನವರೆಗೆ ಕೈಯಾಡಿಸಿದ, ಸುತ್ತ ಒಂದು ಸುತ್ತು ಬಂದ. ನಲವತ್ತು ಜನ ನೋಡುತ್ತಿದ್ದರು.

"ಚಲೋ ಐತೆ. ಇಟ್ಕೋ."

ಬೋರಕ್ಕ ಎರಡನೇ ಮಾತು ಕೇಳದೆ ಕರುವನ್ನು ಹಿಡಿದುಕೊಂಡು ಹೋಗಿ ಕೊಟ್ಟಿಗೆಗೆ ಕಟ್ಟಿದಳು. ಶಾಂತಕುಮಾರಿ ಬಂಧನದ ಸಮಯ 10.45 ಎಂದು ಬರೆದಳು.