ಬಿರುಕು ನಡೆದ ದಾರಿ

ಒಂದು ಊರಲ್ಲಿ ಒಂದು ಹಲಗೆಯಿತ್ತು. ಮರವಾಗಿದ್ದದ್ದು ಪುಡಿಪುಡಿ ನಾರಾಗಿ, ಅಂಟು ಕುಡಿದು, ಬಿಸಿ ಪ್ರೆಸ್ಸಿನಲ್ಲಿ ಮಲಗಿ ಎದ್ದು ಮತ್ತೆ ಮರದಂತಾಗಿತ್ತು. ಅಜ್ಜಿಯಿದ್ದಿದ್ದರೆ ಈ ಕತೆಯನ್ನು ಹೀಗೇ ತೊಡಗುತ್ತಿದ್ದಳು. ಆ ಹಲಗೆಯ ಮೂರು ತುಂಡುಗಳು ಕಾರ್ಖಾನೆಯಲ್ಲಿ ಹಲಗೆಗಳ ಗಟ್ಟಿತನ ಪರೀಕ್ಷಿಸುವ ನಮ್ಮ ಕೋಣೆಯಲ್ಲಿ ಹಪ್ಪಳದಂತೆ ಸೀಳಿಹೋದ ದಿನ, ಪ್ರೆಸ್ ಮೇಸ್ತ್ರಿ ಬಾಗಿಲಲ್ಲಿ ಬಂದು ನಿಂತರು.

"ಒತ್ತಡ ಕಮ್ಮಿ ಕೊಟ್ಟೆ ಅಂತ ಸಂಜೆಗೆ ಮನೆಗೆ ಕಳಿಸ್ತಾರಂತಮ್ಮ. ಇಪ್ಪತ್ತೆರಡು ವರ್ಷದ ಕೆಲಸ."

ಆ ಕೋಣೆಯ ಒಡತಿ ನನ್ನ ದೊಡ್ಡಮ್ಮ, ನಾನು ಅವಳ ಸಹಾಯಕಿ. ಕಾರ್ಖಾನೆಯಲ್ಲಿ ಏನು ಮುರಿದರೂ, ಏನು ಕಳೆದರೂ ಜನ ಅವಳ ಬಳಿಗೇ ಬರುತ್ತಿದ್ದರು.

"ಸಂಜೆ ಗಂಟೆ ಹೊಡೆಯೋದ್ರೊಳಗೆ ನಿಮ್ಮ ಹಲಗೆ ಬಾಯಲ್ಲೇ ನಿಜ ಹೇಳಿಸ್ತೀನಿ" ಎಂದವಳು ನನ್ನತ್ತ ತಿರುಗಿದಳು. "ತುಂಡು ಎಲ್ಲಿಂದ ಕೊಯ್ದೆ?"

"ಮೂರೂ ಒಂದೇ ಅಂಚಿಂದ. ಗರಗಸಕ್ಕೆ ಹತ್ರ ಇತ್ತು..."

"ಸೋಮಾರಿ ಕಣೇ ನೀನು!"

ಹಲಗೆಯ ದಪ್ಪ ಅಳೆದಳು. ನಡುವೆ ಹದಿನೆಂಟು ಮಿಲಿಮೀಟರ್. ಮೂರು ಅಂಚುಗಳಲ್ಲೂ ಅಷ್ಟೇ. ನಾನು ಕೊಯ್ದ ಅಂಚಿನಲ್ಲಿ ಮಾತ್ರ ಹತ್ತೊಂಬತ್ತೂವರೆ. ಉಗ್ರಾಣದವನನ್ನು ವಿಚಾರಿಸಿದಾಗ, "ಪ್ರೆಸ್ಸಿಂದ ನೇರ ನನ್ನ ಕೈಗೇ ಬಂತು. ಮಲಗಿಸೇ ಇಟ್ಟಿದ್ದೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು" ಎಂದ.

ಮಧ್ಯಾಹ್ನ ಇಳಿದ ಮೇಲೆ ಮ್ಯಾನೇಜರ್, ಮೇಸ್ತ್ರಿ, ಉಗ್ರಾಣದವನು, ಎಲ್ಲರನ್ನೂ ದೊಡ್ಡಮ್ಮ ಸೇರಿಸಿದಳು.

"ಒತ್ತಡ ಕಮ್ಮಿಯಾಗಿದ್ರೆ ಇಡೀ ಹಲಗೆ ಸಡಿಲಾಗ್ಬೇಕಿತ್ತು. ಇಲ್ಲಿ ಊದಿರೋದು ಒಂದೇ ಅಂಚು. ನಾರು ನೀರು ಕುಡಿದು ಊದಿದ್ರೆ, ಒಣಗಿದ್ರೂ ಮೊದಲಿನ ಹಾಗಾಗಲ್ಲ. ಮಲಗಿದ್ದಾಗ ನೆಂದಿದ್ರೆ ನಾಲ್ಕು ಅಂಚೂ ಊದ್ತಿದ್ವು. ಇದು ಒದ್ದೆ ನೆಲದ ಮೇಲೆ ನಿಂತಿತ್ತು. ನಿಲ್ಲಿಸಿದ್ದು ಬೀಗದ ಕೈ ಇದ್ದೋರು."

ಉಗ್ರಾಣದವನ ಮುಖ ಬಿಳಿಚಿತು. "ಜಾಗ ಸಾಲ್ಲಿಲ್ಲ ಸಾರ್, ಗೋಡೆಗೆ ಒರಗಿಸ್ದೆ. ನಲ್ಲಿ ಸೋರಿದ್ದು ಆಮೇಲೆ ಕಂಡಿದ್ದು. ಫ್ಯಾನ್ ಹಾಕಿ ಒಣಗಿಸ್ದೆ... ಹೇಳೋಕೆ ಬಾಯಿ ಬರ್ಲಿಲ್ಲ."

"ಕಳ್ಳನಿಗೊಂದು ಪಿಳ್ಳೆ ನೆವ!" ಎಂದರು ಮ್ಯಾನೇಜರ್. "ಆದ್ರೆ ಹಲಗೆ ಗಟ್ಟಿ ಅನ್ನೋಕೆ ಸಾಕ್ಷಿ?"

ದೊಡ್ಡಮ್ಮ ಹಲಗೆಯ ನಡುವಿನಿಂದ ಕೊಯ್ದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿದಳು. ಅದರ ದಪ್ಪದ ನಟ್ಟನಡುವೆ ಗರಗಸದ ಸೀಳು. ಸೀಳಿನ ತುದಿಗೆ ಹೊಸ ಬ್ಲೇಡಿನ ಗೀರು. ಯಂತ್ರದ ಬೆಣೆ ಮೆಲ್ಲಗೆ ಆ ಸೀಳಿನೊಳಗೆ ಸರಿಯಿತು. ನಾನು ಭೂತಗನ್ನಡಿಯಲ್ಲಿ ಇಣುಕಿದೆ.

ಬಿರುಕು ಓಡಲಿಲ್ಲ, ನಡೆಯಿತು. ಕೂದಲೆಳೆಯಷ್ಟು ಸಾಗಿ ನಿಂತಿತು. ಅದರ ಬಾಯಿಗೆ ಅಡ್ಡಲಾಗಿ ಸಾವಿರಾರು ನಾರುಗಳು ಎರಡೂ ದಡಗಳನ್ನು ಹಿಡಿದು ನಿಂತಿದ್ದವು. ಒಂದು ಸೋತರೆ ಹಿಂದಿನದು ಜಗ್ಗುತ್ತಿತ್ತು. ಅಜ್ಜಿ ಹೇಳಿದ ಯಾವ ಕಾಡೂ ಇಷ್ಟು ದಟ್ಟವಾಗಿರಲಿಲ್ಲ. ಒತ್ತಡದ ಮುಳ್ಳು ಏರಿತು, ಹಲಗೆ ತಾಳಲೇಬೇಕಾದ ಮಿತಿಯ ಕೆಂಪು ಗೆರೆ ದಾಟಿತು, ಇನ್ನೂ ಏರಿತು.

"ಹಿಡ್ಕೊಂಡಿದೆ" ಎಂದು ಮೇಸ್ತ್ರಿ ಪಿಸುಗುಟ್ಟಿದರು.

ಬಿರುಕು ತುಂಡಿನ ಮೇಲೆ ಗೀಚಿದ್ದ ಕೊನೆಯ ಗುರುತನ್ನು ಮುಟ್ಟಿತು. ದೊಡ್ಡಮ್ಮ ಅಳತೆ ಬರೆದು ಹಾಳೆಯನ್ನು ಮ್ಯಾನೇಜರರ ಕೈಗಿತ್ತಳು. ಅವರು ಓದಿ, ಎದ್ದು, ಮೇಸ್ತ್ರಿಯ ಕೈ ಹಿಡಿದುಕೊಂಡರು.

ಆಗ ಸಂಜೆಯ ಗಂಟೆ ಹೊಡೆಯಿತು.